ಸ್ಮಶಾನದಲ್ಲಿ ಮಾಡಿದ ಅಣಕು ಭಾಷಣ

ವಿರೋಧ ಪಕ್ಷದ ಅಧ್ಯಕ್ಷ ಬ್ವೆಂಬ್ಯಾ ಕಟೊಂಗೊ ಮೂರನೇ ಸಲವೂ ದೇಶದ ಅಧ್ಯಕ್ಷ ಚುನಾವಣೆ ಸೋತರು. ಫಲಿತಾಂಶದ ವಿರುದ್ಧ ಹಾಕಿದ್ದ ಅರ್ಜಿ ನ್ಯಾಯಾಲಯದಲ್ಲಿ ಬಿದ್ದುಹೋದ ವಾರವೇ ಅವರ ಹೆಂಡತಿ ಎಕ್ಸಿಲ್ಡಾ ರಾಜಧಾನಿ ಲುಸಾಕಾದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಮೂತ್ರಪಿಂಡದ ಕಾಯಿಲೆ. ಪ್ರಚಾರ ಶುರುವಾಗುವ ಮೊದಲೇ ಮನೆಯವರಿಗೆಲ್ಲ ಗೊತ್ತಿದ್ದದ್ದೇ.

ಸಾಯುವ ಮುಂಚೆ ಆಕೆ ಗಂಡನ ಗೆಳೆಯ ಯೆಸಾಯಾ ಮಸೆಕೊ ಅವರನ್ನು ಹಾಸಿಗೆಯ ಹತ್ತಿರ ಕರೆಸಿಕೊಂಡಿದ್ದರು. ಮಗಳೂ ಅಲ್ಲೇ ಇದ್ದಳು.

"ಅಣ್ಣಾ, ಇನ್ನೊಂದು ಸಲ ನಿಲ್ಲಬೇಡಿ ಅಂತ ಅವರಿಗೆ ನೀವೇ ಹೇಳಿ. ನಾನು ಹೇಳಿದ್ರೆ 'ಆಮೇಲೆ ನೋಡೋಣ' ಅಂತಾರೆ. ಪಕ್ಷದೋರು ಬಾಯಿ ಬಿಡಲ್ಲ, ಅವರ ಹೊಟ್ಟೆಪಾಡು ಇವರನ್ನೇ ನಂಬ್ಕೊಂಡಿದೆ. ನಿಮ್ಮ ಮೇಲಾದ್ರೆ ಅವರು ಸಿಟ್ಟು ಮಾಡೋ ಹಾಗಿಲ್ಲ."

ಸಿಟ್ಟು ಮಾಡುವ ಹಾಗಿಲ್ಲ ಎನ್ನುವುದು ನಿಜ. ಮಸೆಕೊ ಎಂಗೋನಿ, ಕಟೊಂಗೊ ಬೆಂಬಾ. ಹಿಂದೊಮ್ಮೆ ಬಡಿದಾಡಿಕೊಂಡ ಈ ಎರಡು ಜನಾಂಗಗಳು ಈಗ ಹಾಸ್ಯದ ನೆಂಟರು. ಎಂಗೋನಿಗಳು ಇಲಿ ತಿನ್ನೋರು, ಬೆಂಬಾಗಳು ಮಂಗ ತಿನ್ನೋರು ಅಂತ ಒಬ್ಬರನ್ನೊಬ್ಬರು ಏನೆಂದು ಬೇಕಾದರೂ ಆಡಿಕೊಳ್ಳಬಹುದು; ಅನ್ನಿಸಿಕೊಂಡವರು ಕೋಪಿಸಿಕೊಳ್ಳುವಂತಿಲ್ಲ. ಸಾವಿನ ಮನೆಯಲ್ಲಂತೂ ಈ ಹಕ್ಕಿಗೆ ಮಿತಿಯೇ ಇಲ್ಲ.

ಮಸೆಕೊ ಅಂದೇ ಆಸ್ಪತ್ರೆಯ ವರಾಂಡದಲ್ಲಿ ಗೆಳೆಯನನ್ನು ಹಿಡಿದು ನಿಲ್ಲಿಸಿದರು.

"ಲೋ, ಸಾಕು ಮಾಡೋ ಈ ರಾಜಕೀಯ. ಹೆಂಡ್ತಿ ಪಕ್ಕ ಕೂತ್ಕೋ ಹೋಗು."

ಕಟೊಂಗೊ ಜೋರಾಗಿ ನಕ್ಕರು. "ನೋಡ್ರಪ್ಪಾ, ಇಲಿ ತಿನ್ನೋನು ನಂಗೆ ಬುದ್ಧಿ ಹೇಳೋಕೆ ಬಂದ!"

"ತಮಾಷೆ ಅಲ್ಲ ಕಣೋ."

"ನೀನು ಯಾವತ್ತೋ ತಮಾಷೆ ಬಿಟ್ಟು ಮಾತಾಡಿದ್ದು?"

ಅಷ್ಟರಲ್ಲಿ ವಕೀಲರ ಫೋನ್ ಬಂತು. ಕಟೊಂಗೊ ಮಾತಾಡುತ್ತಲೇ ಮೆಟ್ಟಿಲಿಳಿದು ಹೋದರು.

ಸಾವಿನ ಮನೆಯಲ್ಲಿ ಕುರ್ಚಿ, ಮೇಜು, ಮಂಚ ಎಲ್ಲ ಹೊರಗೆ ಹೋದವು. ಹೆಂಗಸರು ಒಳಗೆ ನೆಲದ ಮೇಲೆ ಒತ್ತಾಗಿ ಕೂತರು. ಗಂಡಸರು ಅಂಗಳದ ಬೆಂಕಿಯ ಸುತ್ತ. ನೆರೆಮನೆಯವರು ದೊಡ್ಡ ಪಾತ್ರೆಗಳಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ನ್ಶಿಮಾ, ತೊಳಸುತ್ತಿದ್ದರು. ಪಕ್ಷದ ಹೆಂಗಸರು ಸೊಂಟಕ್ಕೆ ಸುತ್ತಿಕೊಂಡಿದ್ದ ಹಳದಿ ಚಿತೆಂಗೆ ಬಟ್ಟೆಯ ಮೇಲೆಲ್ಲ ಕಟೊಂಗೊ ಅವರ ನಗುಮುಖವೇ ಅಚ್ಚಾಗಿತ್ತು. ಪ್ರಚಾರಕ್ಕೆ ಹಂಚಿದ್ದ ಬಟ್ಟೆ.

ಪಕ್ಷದ ಕಾರ್ಯದರ್ಶಿ ಚಿಬುಯೆ ಬೆಂಕಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಅಧ್ಯಕ್ಷರೇ, ನಾಳೆ ಮಣ್ಣು ಮಾಡೋವಾಗ ಟೀವಿಯೋರು ಇರ್ತಾರೆ. 'ಎಕ್ಸಿಲ್ಡಾ ಹೆಸರಲ್ಲಿ ಹೋರಾಟ ಮುಂದುವರಿಸ್ತೀನಿ' ಅಂದ್ಬಿಡಿ, ಸಾಕು. ಮುಂದಿನ ತಿಂಗಳು ಪಕ್ಷದ ಮಹಾಸಭೆಯಲ್ಲಿ ಅಭ್ಯರ್ಥಿ ಆರಿಸೋವಾಗ ನಿಮ್ಮೆದುರು ಯಾರೂ ನಿಲ್ಲಲ್ಲ."

ಕಟೊಂಗೊ ಬೆಂಕಿ ನೋಡುತ್ತ ತಲೆಯಾಡಿಸಿದರು. ಎದುರಿಗೆ ಕೂತಿದ್ದ ಮಸೆಕೊ ಅದನ್ನು ಕೇಳಿಸಿಕೊಂಡರು.

ಮರುದಿನ ಪಾದ್ರಿ ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆ ಇಳಿಸಬೇಕು ಎನ್ನುವಾಗ ಮಸೆಕೊ ಗುಂಪು ಸೀಳಿಕೊಂಡು ಬಂದು, ಗುಂಡಿಯೊಳಗೆ ಕಾಲು ಇಳಿಬಿಟ್ಟು ಅಂಚಿನಲ್ಲಿ ಕೂತುಬಿಟ್ಟರು. ತಲೆ ಮೇಲೆ ಪಕ್ಷದ ಹಳದಿ ಟೋಪಿ, ಮೈಮೇಲೆ ಒಳಹೊರಗು ಮಾಡಿ ತೊಟ್ಟ ಕೋಟು. ಎಂಗೋನಿ ನೆಂಟ ಬಂದ ಎಂದು ಹೆಂಗಸರಲ್ಲಿ ಆಗಲೇ ನಗು ಹುಟ್ಟಿತು.

ಮಸೆಕೊ ಥೇಟ್ ಕಟೊಂಗೊ ಅವರ ಹಾಗೆ ಎರಡು ಸಲ ಕೆಮ್ಮಿ, ತೋರುಬೆರಳೆತ್ತಿದರು.

"ದೇಶಬಾಂಧವರೇ! ಈ ಫಲಿತಾಂಶ ನಾನು ಒಪ್ಪಲ್ಲ! ಎಕ್ಸಿಲ್ಡಾ ಸತ್ತಿಲ್ಲ, ಅವಳನ್ನ ಕದ್ದಿದ್ದಾರೆ! ಉತ್ತರ ಪ್ರಾಂತದ ಎಣಿಕೆ ಇನ್ನೂ ಬಂದಿಲ್ಲ! ಪೆಟ್ಟಿಗೆ ಇಳಿಸಬೇಡಿ. ನಾನು ಕೋರ್ಟಿಗೆ ಹೋಗ್ತೀನಿ. ಮರು ಎಣಿಕೆ ಆಗ್ಲಿ!"

ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಪಾದ್ರಿಯೂ ಪುಸ್ತಕದಿಂದ ಬಾಯಿ ಮುಚ್ಚಿಕೊಂಡರು. ಕಟೊಂಗೊ ಅವರ ಭುಜ ಕುಲುಕುತ್ತಿತ್ತು. ಅದು ನಗುವಲ್ಲ ಎಂದು ಮೊದಲು ಕಂಡದ್ದು ಹತ್ತಿರ ನಿಂತವರಿಗೆ. ಅವರು ಸುಮ್ಮನಾದರು, ಆಮೇಲೆ ಹಿಂದಿನವರು.

"ಜಾಗ ಬಿಡೋ," ಎಂದರು ಕಟೊಂಗೊ. "ಅವಳು ಬಿಸಿಲಲ್ಲಿದ್ದಾಳೆ."

ಅಡ್ಡ ಕೂತ ನೆಂಟ ಕೇಳಿದ್ದನ್ನು ಕೊಡದೆ ಎಬ್ಬಿಸುವಂತಿಲ್ಲ. ಮಾಮೂಲಾಗಿ ಕೇಳುವುದು ಒಂದು ಕೋಳಿ, ಇಲ್ಲವೇ ಒಂದು ಮಡಕೆ ಬಿಯರು.

"ಸೋತೆ ಅನ್ನು, ಏಳ್ತೀನಿ. ಅನ್ನೋ, ಮಂಗ ತಿನ್ನೋನೇ."

ಮೂರು ಚುನಾವಣೆಗಳಲ್ಲಿ ಒಮ್ಮೆಯೂ ಕಟೊಂಗೊ ಆ ಮಾತು ಆಡಿರಲಿಲ್ಲ. ಗೆದ್ದವರಿಗೆ ಫೋನ್ ಕೂಡ ಮಾಡಿರಲಿಲ್ಲ. ಪೆಟ್ಟಿಗೆ ಹೊತ್ತವರು ಭಾರ ತಾಳಲಾರದೆ ಹೆಗಲು ಬದಲಿಸಿದರು.

"ಸೋತೆ," ಎಂದರು ಅವರು. "ಮೂರು ಸಲಾನೂ ಸೋತೆ. ಇದು ನಾಲ್ಕನೇದು."

ಮಸೆಕೊ ಎದ್ದು ಟೋಪಿ ತೆಗೆದರು. ಪೆಟ್ಟಿಗೆ ಇಳಿಯಿತು. ಮಣ್ಣು ಬಿದ್ದ ಮೇಲೆ ಚಿಬುಯೆ ಮೈಕು ತಂದುಕೊಟ್ಟ. ಕಟೊಂಗೊ ಅದನ್ನು ಇಸಕೊಂಡು ಪಾದ್ರಿಯ ಕೈಗೆ ಕೊಟ್ಟರು.

"ಅಧ್ಯಕ್ಷರೇ, ಮಹಾಸಭೆ..."

"ಬೇರೆಯವರನ್ನ ನೋಡ್ಕೊಳ್ಳಪ್ಪ."

ಸಂಜೆಯ ಹೊತ್ತಿಗೆ ಪಕ್ಷದ ಕಾರುಗಳು ಒಂದೊಂದಾಗಿ ಹೊರಟುಹೋದವು. ಒಳಗೆ ಹೆಂಗಸರ ಅಳು ಇನ್ನೂ ನಿಂತಿರಲಿಲ್ಲ. ಬೆಂಕಿಯ ಹತ್ತಿರ ಉಳಿದವರು ಇಬ್ಬರೇ. ಮಸೆಕೊ ಕೊರಡೊಂದನ್ನು ಒಳಕ್ಕೆ ತಳ್ಳಿದರು.

"ನಾನು ನಿಲ್ಲಬಾರದು ಅಂತ ನಿನ್ನ ಹತ್ರ ಹೇಳಿದ್ಲಂತೆ," ಎಂದರು ಕಟೊಂಗೊ. "ಮಗಳು ಈಗ ಹೇಳಿದ್ಲು. ಅವಳು ಇದ್ದಾಗಲೇ ನಂಗೆ ಹೇಳಬಾರದಿತ್ತೇನೋ? ನಾನು ನಿಲ್ಲಲ್ಲ ಅನ್ನೋದನ್ನ ಅವಳೂ ಕೇಳಿಸ್ಕೊಂಡು ಹೋಗ್ತಿದ್ಲು."

"ಹೇಳಿದ್ದೆ," ಎಂದರು ಮಸೆಕೊ. "ಆಸ್ಪತ್ರೇಲಿ. ನೀನು ನಕ್ಕೆ."