ಕಲಂದರನ ಬಲಗಾಲು

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕಲಂದರ ಹೊತ್ತ ಹಂಚುಗಳನ್ನು ಸಾಲಾಗಿ ಇಟ್ಟರೆ, ಅವುಗಳ ಮೇಲೆ ನಡೆದು ಚಂದ್ರಲೋಕದಲ್ಲಿ ಚಹಾ ಕುಡಿದು ಬರಬಹುದಿತ್ತು. ಅದಕ್ಕಿಂತ ದೊಡ್ಡದು ಅವನ ಬಲಗಾಲಿನ ಹೆಸರು. ಕಾಲು ಮುಂದಾಗಿ ಹುಟ್ಟಿದವನು ತುಳಿದರೆ ಸೊಂಟದ ಉಳುಕು ಹೋಗುತ್ತದೆ ಎಂದು ಜನ ನಂಬಿದ್ದರು. ಕಲಂದರ ಹಾಗೆ ಹುಟ್ಟಿದವನು. ಅಮಾವಾಸ್ಯೆಯ ಬೆಳಿಗ್ಗೆ ಅವನ ಹೊಸ್ತಿಲ ಮುಂದೆ ಬೋರಲು ಮಲಗಿದವರ ಸಾಲು ಜಾಂಬೋಟಿಯ ಕಾಡು ಮುಟ್ಟುತ್ತಿತ್ತು.

೧೯೮೨ರ ಒಂದು ದಿನ ಹಸಿಮಣ್ಣಿನ ಬುಟ್ಟಿ ಎತ್ತಲು ಬಗ್ಗಿದವನಿಗೆ ಸೊಂಟದಿಂದ ಹಿಮ್ಮಡಿಯವರೆಗೆ ಮಿಂಚು ಹರಿದಂತಾಯಿತು. ಊರ ಸೊಂಟ ತುಳಿದವನನ್ನು ತುಳಿಯುವವರು ಯಾರು? ಜೊತೆಗಾರ ತಮ್ಮಣ್ಣ ಜಾಂಬೋಟಿಯಿಂದ ಅಂಥದೇ ಹುಟ್ಟಿನ ಇನ್ನೊಬ್ಬನನ್ನು ಕರೆತಂದ. ಮೊರದಗಲದ ಪಾದ! ಮೂರು ಸಲ ತುಳಿದ. ಕಲಂದರನ ಕೂಗನ್ನು ಸೀಟಿ ಎಂದು ತಿಳಿದು ನಿಲ್ದಾಣದ ರೈಲು ಹೊರಟೇಬಿಟ್ಟಿತು.

ಮರುದಿನ ಅವನು ಕುಂಟುತ್ತ ಕೆಲಸಕ್ಕೆ ಹೊರಟಾಗ ಹೆಂಡತಿ ಮುನವ್ವರಾ ಕೂಗಿದಳು.

"ಚಪ್ಪಲಿ ಇಲ್ಲೇ ಬಿಟ್ಟು ಹೊಂಟೀರಲ್ಲ!"

ಬಲಗಾಲ ಚಪ್ಪಲಿ ಹತ್ತು ಹೆಜ್ಜೆ ಹಿಂದೆ ಬಿದ್ದಿತ್ತು. ಅದು ಜಾರಿದ್ದು ಕಾಲಿಗೆ ತಿಳಿದೇ ಇರಲಿಲ್ಲ. ಇದನ್ನು ದೊಡ್ಡದು ಮಾಡಿ ಹೇಳಬೇಕಾಗಿಲ್ಲ, ಇದ್ದಷ್ಟೇ ದೊಡ್ಡದಿತ್ತು.

"ಬೆಳಗಾವಿಗೆ ನಡೀರಿ," ಎಂದಳು ಮುನವ್ವರಾ.

"ಅಲ್ಲಿ ಕೊಯ್ತಾರ. ಕಾಯಂ ಕುಂಟ ಆಗ್ತೀನಿ."

"ಈಗೇನು ಕುಣ್ಯಾಕ ಹತ್ತೀರೇನು?"

ಬೆಳಗಾವಿಯ ಡಾಕ್ಟರು ಪರೀಕ್ಷಿಸಿ, ಸದ್ಯ ಆಪರೇಷನ್ ಬೇಡ ಎಂದು ಅದೇ ಊರಿನ ಟಿಳಕವಾಡಿಗೆ ಕಳಿಸಿದರು. ಅಲ್ಲಿ ವ್ಯಾಯಾಮ ಚಿಕಿತ್ಸೆ ಕೊಡುವ ಶುಭದಾಬಾಯಿ ತುಳಿಸಿಕೊಂಡ ಕಥೆ ಕೇಳಿ, ಅವನ ಕಾಲೆತ್ತಿ ನೋಡಿದರು.

"ಬೆನ್ನಿನ ಮಣಿಗಳ ನಡುವ ಮೆತ್ತನ್ನ ಗಾದಿ ಇರ್ತದ. ಅದು ಉಬ್ಬಿ ಕಾಲಿನ ನರ ಒತ್ತೇದ. ಅದರ ಮ್ಯಾಲೆ ಆಳು ನಿಲ್ಲಿಸಿದ್ರ ಹೆಂಗ್ರೀ?"

"ನಾ ಎಷ್ಟೋ ಮಂದೀನ್ನ ತುಳದೀನ್ರಿ ಬಾಯಾರ. ಎಲ್ಲಾರಿಗೂ ಆರಾಮ ಆಗೇತಿ."

"ಭಾಳ ಮಂದಿಗೆ ತಾನ ಆರಾಮ ಆಗ್ತದ. ಆಗಲಾರದವರು ನಿಮ್ಮ ಮನಿಗೆ ಹೇಳಾಕ ಬಂದಾರೇನು?"

ಕಲಂದರನಿಗೆ ಒಬ್ಬ ನೆನಪಾದ. ಅವನಿಂದ ತುಳಿಸಿಕೊಂಡು ಕೋಲೂರಿ ಹೋದ ಕುಂಬಾರ ಗುರುಸಿದ್ದ ತಿರುಗಿ ಬಂದಿರಲಿಲ್ಲ.

ಬಾಯಿ ಅವನನ್ನು ಬೋರಲು ಮಲಗಿಸಿ, ಮೊಣಕೈ ಊರಿ ಮೆಲ್ಲಗೆ ಎದೆ ಎತ್ತಿಸಿದರು. ಗುಡ್ಡದಷ್ಟು ಹಂಚು ಹೊತ್ತವನಿಗೆ ತನ್ನ ಎದೆಯೇ ಭಾರವಾಯಿತು.

"ನೋವು ಕಾಲಿಂದ ಮ್ಯಾಲೆ ಸರದ್ರ ಚಲೋ. ಕೆಳಗ ಇಳದ್ರ ನಿಲ್ಲಸ್ರಿ, ನನಗ ಹೇಳ್ರಿ. ಹಾಸಿಗಿ ಹಿಡೀಬ್ಯಾಡ್ರಿ, ಆಗುವಷ್ಟು ನಡೀರಿ. ಭಾರ ಎತ್ತೂದಾದ್ರ ಮೊಣಕಾಲು ಮಡಚಿ, ಹೊಟ್ಟಿಗೆ ಹತ್ತಿಸಿ ಎತ್ರಿ."

ಮನೆಯಲ್ಲಿ ವ್ಯಾಯಾಮ ತಪ್ಪದಂತೆ ಮುನವ್ವರಾ ಪೊಲೀಸಾದಳು. ಮೂರನೇ ವಾರ ನೋವು ಹಿಮ್ಮಡಿ ಬಿಟ್ಟಿತು. ಎರಡನೇ ತಿಂಗಳು ಒಂದು ಬೆಳಿಗ್ಗೆ ಬಲಗಾಲ ಬೆರಳುಗಳಿಗೆ ನೆಲ ತಣ್ಣಗೆ ತಾಗಿತು. ಕಲಂದರ ಬಹಳ ಹೊತ್ತು ಅಲ್ಲಿಯೇ ನಿಂತಿದ್ದ.

ಮುಂದಿನ ಅಮಾವಾಸ್ಯೆಗೆ ಹೊಸ್ತಿಲ ಮುಂದೆ ತಮ್ಮಣ್ಣನೇ ಬೋರಲು ಮಲಗಿದ್ದ.

"ತುಳೀಯಪ್ಪಾ, ಮೊಣಕಾಲ ಕೆಳಗೂ ಸಿಡೀತೈತಿ."

ಕಲಂದರ ಕಾಲೆತ್ತಿದ. ಐದೂ ಬೆರಳು ಆಡಿಸಿ ನೋಡಿದ. ಮೆಲ್ಲಗೆ ನೆಲಕ್ಕಿಟ್ಟ.

"ಏಳಪ್ಪಾ. ಈ ಕಾಲು ಇನ್ನ ನಡ್ಯಾಕಷ್ಟ. ನಾಳಿ ಗಾಡಿಗೆ ಬೆಳಗಾವಿಗೆ ಹೋಗೂಣು. ಹಾದ್ಯಾಗ ಗುರುಸಿದ್ದನ್ನೂ ಕರಕೊಳ್ಳೂಣು."

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸೊಂಟದ ನೋವು ಕಾಲಿಗಿಳಿದರೆ ಯಾರಿಂದಲೂ ತುಳಿಸಿಕೊಳ್ಳಬೇಡಿ. ಡಾಕ್ಟರಿಗೆ ತೋರಿಸಿ. ಬಹಳಷ್ಟು ಜನರಿಗೆ ಕತ್ತರಿ ತಾಗದೆ, ಸರಿಯಾದ ವ್ಯಾಯಾಮದಿಂದಲೇ ಗುಣವಾಗುತ್ತದೆ. ಆದರೆ ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಇಳಿಯುತ್ತ ಹೋದರೆ ಅಂದೇ ಆಸ್ಪತ್ರೆಗೆ ಓಡಿ. ಹಂಚಿನ ಲೆಕ್ಕದಲ್ಲಿ ಒಂದೆರಡು ಹೆಚ್ಚಾಗಿರಬಹುದು. ಈ ಮಾತಿನಲ್ಲಿ ಒಂದಕ್ಷರವೂ ಹೆಚ್ಚಿಲ್ಲ.