ನಿಕಾನೊರನ ಕಿವಿ

ಲಾಸರೋನ ದೋಣಿಯಲ್ಲಿ ನಿಕಾನೊರನ ಮುಖ್ಯ ಕೆಲಸ ಕೇಳುವುದು. ಕ್ರೈಸ್ತರ ಲೆಂಟ್ ಉಪವಾಸದ ದಿನಗಳಲ್ಲಿ, ಅಮಾವಾಸ್ಯೆ ಹತ್ತಿರವಾದಾಗ, ಕೊರ್ವಿನಾ ಮೀನುಗಳು ಮೊಟ್ಟೆಯಿಡಲು ಕೊಲರಾಡೊ ನದಿಯ ಅಳಿವೆಗೆ ಹಿಂಡುಹಿಂಡಾಗಿ ಬರುತ್ತಿದ್ದವು. ಕಡಲಿನ ಇಳಿತ ಶುರುವಾದರೆ ಗಂಡುಗಳು ಹೊಟ್ಟೆ ಅದುರಿಸಿ ಗೊರಗುಟ್ಟುತ್ತವೆ, ತತ್ತಿ ತುಂಬಿದ ಹೆಣ್ಣುಗಳು ಆ ಸದ್ದು ಹಿಡಿದು ಬರುತ್ತವೆ. ಇಂಜಿನ್ ನಿಲ್ಲಿಸಿ, ದೋಣಿಯ ತಳಕ್ಕೆ ಕಿವಿಯಿಟ್ಟು ಮಲಗಿ, "ಇಲ್ಲಿ" ಎಂದು ನಿಕಾನೊರ ಹೇಳಿದರೆ ಬಲೆ ಬೀಳುತ್ತಿತ್ತು.

ಹೆಂಡತಿ ಓರ್ತೆನ್ಸಿಯಾ ತೀರಿಕೊಂಡ ಮೇಲೆ ಮನೆ ಮೌನವಾಗಿತ್ತು. ಅವಳಿಲ್ಲದ ಮನೆ ಹೀಗೇ ಇರುತ್ತದೆ ಎಂದುಕೊಂಡಿದ್ದ. ಮೌನ ಮನೆಯದಷ್ಟೇ ಅಲ್ಲ, ತನ್ನ ಕಿವಿಯದೂ ಹೌದು ಎಂದು ತಿಳಿಯಲು ಅವನಿಗೆ ಬಹಳ ಕಾಲ ಹಿಡಿಯಿತು. ತಿಳಿದ ಮೇಲೂ ಯಾರಿಗೂ ಹೇಳಲಿಲ್ಲ.

ಈ ಸಲ ಮೊದಲ ದಿನ ತಳಕ್ಕೆ ಕಿವಿಯಿಟ್ಟರೆ ಏನೂ ಇಲ್ಲ. ಕೆನ್ನೆಗೆ ಬರೀ ತಣ್ಣಗಿನ ಫೈಬರ್. ಹೆಂಡತಿಯ ತಮ್ಮ ಲಾಸರೋ, ಜೊತೆಗಾರ ಬೆನಿತೋ ಇಬ್ಬರೂ ಬಲೆ ಹಿಡಿದು ಅವನ ಬಾಯನ್ನೇ ನೋಡುತ್ತಿದ್ದರು. ದೂರದಲ್ಲಿ ಬೇರೆ ದೋಣಿಯವರು ಬಲೆ ಬಿಡುವುದು ಕಂಡಿತು. "ಇಲ್ಲೇ" ಎಂದುಬಿಟ್ಟ.

ಬಂದದ್ದು ಬೆರಳೆಣಿಕೆಯ ಮೀನು. ಹೆಣ್ಣುಗಳ ಹೊಟ್ಟೆ ಜೋಲುಬಿದ್ದಿತ್ತು, ತತ್ತಿಯಿಟ್ಟು ಮುಗಿಸಿ ವಾಪಸು ಹೊರಟಿದ್ದಂಥವು. ಬೆನಿತೋ ಇಂಜಿನ್ನಿಗಿಂತ ಜೋರಾಗಿ ಅರಚುವವನು, ಅವನ ಮಾತಷ್ಟೇ ಅರ್ಧಂಬರ್ಧ ಕಿವಿಗೆ ಬಿತ್ತು: "ಹೆತ್ತು ಹಗುರಾಗಿ ಮನೆಗೆ ಹೊರಟವ್ರನ್ನ ದಾರೀಲಿ ತಡೆದು ಹಿಡಿದ್ಯಲ್ಲೋ ತಾತ!" ನಿಕಾನೊರನೂ ನಕ್ಕ.

ದಡದಲ್ಲಿ ಮೀನು ಸೀಳುವಾಗ ಲಾಸರೋನ ಪಕ್ಕ ಕೂತು ಹೇಳಿದ. "ಲಾಸರೋ, ನಂಗೆ ಕೇಳಿಸ್ಲಿಲ್ಲ."

"ಮೀನೇ ಇರ್ಲಿಲ್ಲ, ಬಿಡಿ ಭಾವ."

"ಮೀನಿನ ಮಾತಲ್ಲ. ಏನೂ ಸರಿಯಾಗಿ ಕೇಳಿಸ್ತಿಲ್ಲ. ಹೋದ ವರ್ಷದಿಂದ."

ಲಾಸರೋ ಚಾಕುವಿನ ಕಡೆ ನೋಡುತ್ತ ಏನೋ ಅಂದ.

"ಮುಖ ಈ ಕಡೆ ತಿರುಗ್ಸಿ ಹೇಳೋ, ತುಟಿ ಕಂಡ್ರೆ ತಿಳಿಯುತ್ತೆ."

"ನಾಳೆ ಬಲೆ ಎಳೆಯೋಕೆ ಬನ್ನಿ ಅಂದೆ."

"ಕೇಳೋದು ಯಾರು?"

"ಬೆನಿತೋ."

ಮರುದಿನ ನಿಕಾನೊರನ ಜಾಗದಲ್ಲಿ ಬೆನಿತೋ ತಳಕ್ಕೆ ಕಿವಿಯಿಟ್ಟು ಮಲಗಿದ. ಮೊದಲು ತಮಾಷೆಯ ಮುಖ ಮಾಡಿಕೊಂಡಿದ್ದವನು ಇದ್ದಕ್ಕಿದ್ದಂತೆ ಗಂಭೀರನಾದ. ತುಸು ಹೊತ್ತಿಗೆ ಲಾಸರೋ ಕೂಡ ಕೈಯಲ್ಲಿದ್ದ ಹಗ್ಗ ಬಿಟ್ಟು ನೀರು ನೋಡತೊಡಗಿದ. ಸದ್ದು ಮೇಲಕ್ಕೇ ಬಂದಿದೆ, ತಳಕ್ಕೆ ಕಿವಿಯಿಡುವುದೂ ಬೇಡ ಎಂದು ನಿಕಾನೊರನಿಗೆ ಗೊತ್ತಾಯಿತು. ಇಬ್ಬರ ನಡುವೆ ನಿಂತು ಅವನೂ ನೀರನ್ನೇ ನೋಡಿದ. ಕೆಸರು ಬಣ್ಣದ ನೀರು, ಬಿಸಿಲು.

"ಹೆಂಗಿದೆ?" ಎಂದು ಕೇಳಿದ.

ಲಾಸರೋ ಅವನ ಕಿವಿಗೆ ಬಾಯಿ ತಂದು ಕೂಗಿದ. "ಜೋರಾಗಿದೆ ಭಾವ. ತುಂಬಾ ಜೋರು."

ದಡದ ಕಡೆಯಿಂದಲೋ ಆಳದಿಂದಲೋ, ಮುಂಚಿನಷ್ಟೇ ದಪ್ಪ ದನಿಯೋ, ನಿಂತುನಿಂತು ಬರುತ್ತಿದೆಯೋ ಎಂದೆಲ್ಲ ಕೇಳಬೇಕಿತ್ತು. ಆದರೆ ಬಲೆ ಬಿಡುವ ಹೊತ್ತು. ಮೂವರೂ ಬೆನ್ನು ಮುರಿಯುವಂತೆ ಎಳೆದರು, ದೋಣಿ ತುಂಬಿತು.

ಸಂಜೆ ಮನೆಗೆ ಬಂದು ಬಟ್ಟೆ ಬದಲಿಸಿ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಕತ್ತಲಾಗುವಾಗ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒಂದು ತಟ್ಟೆ. ಲಾಸರೋನ ಹೆಂಡತಿ ಬ್ರೆಡ್ಡು, ಬೆಲ್ಲ, ದ್ರಾಕ್ಷಿ ಹಾಕಿ ಮಾಡುವ ಉಪವಾಸದ ಸಿಹಿ, ಮೇಲೆ ಬಟ್ಟೆ ಮುಚ್ಚಿತ್ತು. ಅವಳು ಬಾಗಿಲು ತಟ್ಟಿರಬೇಕು, ಕರೆದಿರಬೇಕು, ಕಾದಿರಬೇಕು. ಬೀದಿಯುದ್ದಕ್ಕೂ ನೋಡಿದ, ಯಾರೂ ಇರಲಿಲ್ಲ. ಇರುವೆ ಕೊಡವಿ, ಮೆಟ್ಟಿಲ ಮೇಲೆಯೇ ಕೂತು ತಿಂದ. ಆರಿಹೋಗಿತ್ತು.