ಬಲಗಡೆ ಹೌದು, ಕೆಳಗಡೆ ಬೇಡ

ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ ಅನ್ನೋ ಮಾತನ್ನ ಕೌಂಟರಕ್ಕ ತನ್ನ ಜನ್ಮದಲ್ಲಿ ಅದೆಷ್ಟು ಸಲ ಆಡಿದ್ದಳೋ ಲೆಕ್ಕವಿಲ್ಲ. ಅಷ್ಟು ಸಲವೂ ಬೇರೆಯವರ ಬಗ್ಗೆಯೇ ಆಡಿದ್ದಳು ಅನ್ನಿ. ಆ ಶನಿವಾರ ಸಂಜೆ ಮಾತ್ರ ಹಲ್ಲಿಯೂ ಅವಳೇ ಆದಳು, ಬಚ್ಚಲೂ ಅವಳ ಮನೆಯದೇ ಆಯಿತು.

ಅವಳು ಕೆಲಸಕ್ಕಿದ್ದದ್ದು ವಿಡಿಯೋ ಗೇಮ್ ಮಾರುವ ಅಂಗಡಿಯಲ್ಲಿ. ಗಿರಾಕಿಗಳೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಕೌಂಟರಕ್ಕ ಅಂತ. ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಜಪ: ಗುಬ್ಬಿ ಯಾವಾಗ ಬರುತ್ತೆ? ಗುಬ್ಬಿ ಅಂದರೆ ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಬೆನ್ನ ಮೇಲೆ ಪುಟ್ಟ ಗುಬ್ಬಿಯ ಚಿತ್ರ. ಅದನ್ನು ಮಾಡಿದ ದೇಶದಲ್ಲಿ ಜನ ಕೊಂಡು, ಆಡಿ, ಬೇಜಾರಾಗಿ, ಮಾರಿಯೂ ಆಗಿತ್ತು. ಇಲ್ಲಿನವರಿಗೆ ಅದರ ಡಬ್ಬದ ದರ್ಶನವೂ ಇರಲಿಲ್ಲ. ಕಂಪನಿಯವರು ಒಂದು ಸಲ ಪರವಾನಗಿ ಅಂದರು, ಒಂದು ಸಲ ಹಡಗು ಅಂದರು, ಇನ್ನೊಂದು ಸಲ ಏನೂ ಅನ್ನದೆ ಫೋನಿಟ್ಟರು. ಬೈಸಿಕೊಳ್ಳುವವಳು ಮಾತ್ರ ಕೌಂಟರಕ್ಕ. "ನಾನೇನು ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದೀನೇನ್ರಪ್ಪಾ?" ಅಂತ ಕೇಳಿ ಕೇಳಿ ಅವಳ ಗಂಟಲು ಒಣಗಿತ್ತು.

ಅಂತೂ ಒಂದೂವರೆ ವರ್ಷಕ್ಕೆ ಗುಬ್ಬಿ ಬಂತು. ಬಂದದ್ದೇನು ಅದೇ ಗುಬ್ಬಿಯೇ? ಹಿಂದಿದ್ದ ಕ್ಯಾಮೆರಾ ಮಾಯ. ಚಾರ್ಜರಿನ ಪಿನ್ನು ಬೇರೆ. ಒಳಗಿನ ಜಾಗ ಅರ್ಧ. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಗುಂಡಿಗಳದ್ದು. ಆ ದೇಶದ ಯಂತ್ರದಲ್ಲಿ ಬಲಗಡೆಯ ಗುಂಡಿ ಒತ್ತಿದರೆ ಹೌದು, ಕೆಳಗಡೆಯದು ಬೇಡ. ಇಲ್ಲಿಗೆ ಕಳಿಸಿದ್ದರಲ್ಲಿ ಸರಿಯಾಗಿ ಉಲ್ಟಾ. ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ! ಇದನ್ನು ಮೊದಲ ದಿನವೇ ಕಂಡುಹಿಡಿದವಳು ಕೌಂಟರಕ್ಕ. ದಪ್ಪ ಅಕ್ಷರದಲ್ಲಿ ಬರೆದು ಕೌಂಟರಿನ ಗಾಜಿಗೆ ಅಂಟಿಸಿದವಳೂ ಅವಳೇ. ಅಷ್ಟು ಸಾಲದು ಅಂತ ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳುತ್ತಿದ್ದಳು: "ಹೊರಗಿನದು ಆಡಿ ಅಭ್ಯಾಸ ಇದ್ರೆ ಜೋಪಾನ. ಕಣ್ಣಿಗೆ ಗೊತ್ತಿರುತ್ತೆ, ಬೆರಳಿಗೆ ಗೊತ್ತಿರಲ್ಲ."

ಇನ್ನು ಅವಳ ಅತ್ತೆಯ ಸಂಗತಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವಮಾನವೆಲ್ಲ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತು ನಿವೃತ್ತಿಯಾದವರು. ಊರವರ ಜಗಳ, ಸರಸ, ಸುಳ್ಳು ಎಲ್ಲ ಅವರ ಕಿವಿಯ ಮೇಲೇ ಹಾದುಹೋಗಿತ್ತು. ಒಂದೂವರೆ ವರ್ಷದ ಹಿಂದೆ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಊರುಗೋಲು ಹಿಡಿದು ಕಿಟಕಿ ಪಕ್ಕದ ಕುರ್ಚಿಗೆ ಬಂದು ಬಿದ್ದರು. ಮಾತಿಲ್ಲ ಕತೆಯಿಲ್ಲ, ಊಟವೂ ಅರ್ಧಂಬರ್ಧ. ಅದೇ ಹೊತ್ತಿಗೆ ಯಾರೋ ಆತುರಗಾರ ಹೊರದೇಶದಿಂದ ಗುಬ್ಬಿ ತರಿಸಿಕೊಂಡು, ಅದರ ಭಾಷೆಯ ಒಂದಕ್ಷರವೂ ತಿಳಿಯದೆ, ಕೌಂಟರಿನ ಮೇಲೆ ಕುಕ್ಕಿ ಹೋಗಿದ್ದ. ಅಂಗಡಿ ಯಜಮಾನ "ನಿಮ್ಮತ್ತೆಗೆ ಕೊಡಮ್ಮ, ಕೈಗಾದರೂ ಕೆಲಸ ಆಗುತ್ತೆ" ಅಂದ.

ಕೌಂಟರಕ್ಕನೇ ಕಲಿಸಿದಳು. ಅತ್ತೆಯ ಹೆಬ್ಬೆರಳು ಹಿಡಿದು, ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ: ಬಲಗಡೆ ಹೌದು, ಕೆಳಗಡೆ ಬೇಡ. ಬಲಗಡೆ ಹೌದು, ಕೆಳಗಡೆ ಬೇಡ. ಆಟದಲ್ಲಿ ಒಂದು ಊರು ಕಟ್ಟಬೇಕು. ಪ್ರಾಣಿಗಳು ಬಂದು ಮನೆ ಮಾಡುತ್ತವೆ, ಎದುರು ಸಿಕ್ಕಾಗ ಬಾಯಿ ಆಡಿಸುತ್ತವೆ, ಕೆಳಗೆ ಆ ದೇಶದ ಲಿಪಿಯಲ್ಲಿ ಮಾತು ಮೂಡುತ್ತದೆ. ಮನೆಯಲ್ಲಿ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಅತ್ತೆಗೆ ಅದೊಂದು ಅಡ್ಡಿಯೇ ಆಗಲಿಲ್ಲ ನೋಡಿ.

"ಕರಡಿ ಇವತ್ತು ಬಾತಿನ ಮೇಲೆ ಕೇಸು ಹಾಕಿದ" ಅಂತ ಒಂದು ದಿನ ಊಟದ ಹೊತ್ತಿಗೆ ಬಾಯಿಬಿಟ್ಟರು. "ಬಾವಿ ಯಾರದು ಅಂತ ಜಗಳ. ಬಾತು ವಿಧವೆ, ಪಾಪ. ಆದರೆ ನಾಲಿಗೆ ಏನು ಕಮ್ಮಿ ಇಲ್ಲ."

ಕೌಂಟರಕ್ಕನ ಗಂಡ ತುತ್ತು ಕೈಯಲ್ಲೇ ಹಿಡಿದು ಕೂತ. ಅವನು ಲಿಫ್ಟ್ ಮೆಕ್ಯಾನಿಕ್, ಸುಮ್ಮನೆ ಬಾಯಿ ತೆರೆಯುವ ಗಿರಾಕಿಯಲ್ಲ. ಅವನೇ "ಆಮೇಲೆ?" ಅಂದ. ಅಲ್ಲಿಂದ ಮನೆಗೆ ಜೀವ ಬಂತು. ದಿನಾ ಊರಿನ ಸುದ್ದಿ. ಅಂಗಡಿ ಬೆಕ್ಕಪ್ಪನ ತೂಕದ ಮೋಸ, ಬಾತಿನ ತಿರುಗೇಟು. ಆಮೇಲೆ ಕರಡಿಯ ಮನೆಗೆ ಸೊಸೆಯಾಗಿ ಬಂದ ಅಳಿಲು. ಆ ಅಳಿಲಿಗೆ ಎಲ್ಲದರಲ್ಲೂ ಅವಸರ. ಕೌಂಟರಕ್ಕ ಬೆಳಗ್ಗೆ ಹಾಲು ಉಕ್ಕಿಸಿದರೆ ಸಂಜೆ ಅಳಿಲೂ ಹಾಲು ಉಕ್ಕಿಸಿರುತ್ತಿತ್ತು. ಗಂಡ ಮೀಸೆಯಡಿ ನಗುತ್ತಿದ್ದ. "ನನಗೂ ಅರ್ಥ ಆಗುತ್ತೆ ಬಿಡಿ" ಅಂತ ಅವಳು ಮೂತಿ ತಿರುವುತ್ತಿದ್ದಳು, ಆದರೆ ಅಳಿಲಿನ ಸುದ್ದಿ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಒಮ್ಮೆ ಅವಳು, ಫೋನು ಹಿಡಿದರೆ ಅದೇ ಅನುವಾದ ಮಾಡಿಕೊಡುತ್ತೆ ಅಂದಿದ್ದಳು. ಅತ್ತೆ ಗದರಿದರು: "ಮುಖ ನೋಡಿದ್ರೆ ಗೊತ್ತಾಗಲ್ವೇನೇ? ನಿನ್ನ ಫೋನು ನನಗಿಂತ ಹೆಚ್ಚು ಮಾತು ಕೇಳಿದೆಯಾ?"

ಮಾತು ಹಂಚಿಕೊಂಡರೇ ಹೊರತು ಯಂತ್ರವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಅದೇನು ಯಂತ್ರವೊಂದೇ ಅಲ್ಲ. ಅತ್ತೆಯ ಬೀರು, ಅತ್ತೆಯ ಹೊಲಿಗೆ ಪೆಟ್ಟಿಗೆ, ಅತ್ತೆಯ ಕನ್ನಡಕ ಯಾವುದಕ್ಕೂ ಸೊಸೆ ಕೈ ಹಾಕುವ ಹಾಗಿರಲಿಲ್ಲ. ಧೂಳು ಒರೆಸಲು ಹೋದರೂ "ಅದು ಹಾಗೇ ಇರಲಿ" ಅನ್ನುವರು. ಜೋರಾಗಿ ಅನ್ನುತ್ತಿರಲಿಲ್ಲ. ಜೋರಾಗಿ ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮದುವೆಯಾಗಿ ಬಂದ ದಿನದಿಂದಲೂ ಆ ಒಂದು ಮಾತು ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

ಹಳೆಯ ಗುಬ್ಬಿಯ ಬ್ಯಾಟರಿ ಸತ್ತು, ಗೋಡೆಯ ತಂತಿ ಕಿತ್ತರೆ ಸಾಕು ಯಂತ್ರವೂ ಕಣ್ಣುಮುಚ್ಚುವಂತಾಗಿತ್ತು. ಅದಕ್ಕೇ ಇಲ್ಲಿನ ಗುಬ್ಬಿ ಬಂದ ಮೊದಲ ವಾರವೇ ಕೌಂಟರಕ್ಕ ಒಂದು ಮನೆಗೆ ತಂದಳು.

"ನನ್ನ ಊರು ಹಾಗೇ ಬರುತ್ತಾ?" ಅತ್ತೆ ಕೇಳಿದರು.

"ಒಂದು ಹುಲ್ಲುಕಡ್ಡಿ ಬಿಡದೆ ಬರುತ್ತೆ ಅತ್ತೆ. ಮೇಲಾಗಿ ಇದರಲ್ಲಿ ಎಲ್ಲರೂ ನಮ್ಮ ಭಾಷೇಲೇ ಮಾತಾಡ್ತಾರೆ. ನನ್ನ ಮೇಲೆ ಬಿಡಿ."

ಅತ್ತೆ ಸ್ವಲ್ಪ ಹೊತ್ತು ಅವಳ ಮುಖ ನೋಡಿದರು. ಆಮೇಲೆ ಹಳೆಯ ಗುಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಕೈಗೆ ಕೊಟ್ಟರು. "ಜೋಪಾನ" ಅಂದರು. ಕೌಂಟರಕ್ಕನಿಗೆ ಕಣ್ಣು ತುಂಬಿ ಬಂತು, ಸುಳ್ಳಲ್ಲ.

ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟಳು. ಊರು ಹಳೆಯದರಿಂದ ಖಾಲಿಯಾಗಿ ಹೊಸದಕ್ಕೆ ಬಂತು. ನಕಲು ಉಳಿಯುವುದಿಲ್ಲ, ಹೊರಟರೆ ಹೊರಟೇ ಹೋಯಿತು. ಹೊಸದು ಟಿಣ್ ಅಂದು ಅಚ್ಚುಕಟ್ಟಾಗಿ ಕೇಳಿತು: ಹಳೆಯ ಊರು ಸಿಕ್ಕಿದೆ. ಅದನ್ನು ಅಳಿಸಿ ಹೊಸದಾಗಿ ಶುರು ಮಾಡೋಣವೇ?

"ಛೆ, ಬೇಡಪ್ಪಾ" ಅಂದಳು ಕೌಂಟರಕ್ಕ. ಅವಳ ಹೆಬ್ಬೆರಳು, ಒಂದೂವರೆ ವರ್ಷ ಅತ್ತೆಗೆ ಪಾಠ ಹೇಳಿಕೊಟ್ಟ ಆ ಹೆಬ್ಬೆರಳು, ಕೆಳಗಡೆಯ ಗುಂಡಿ ಒತ್ತಿತು.

ಖಂಡಿತವೇ? ಅಂತ ಕೇಳಿತು ಯಂತ್ರ.

"ಅಯ್ಯಯ್ಯೋ, ಬೇಡ! ಬೇಡ!" ಅಂತ ಕಿರುಚಿ ಇನ್ನೊಂದು ಸಲ ಒತ್ತಿದಳು. ಅದೇ ಗುಂಡಿಯನ್ನು!

ಪರದೆ ಬೆಳ್ಳಗಾಯಿತು. ಸ್ವಾಗತ, ನಿಮ್ಮ ಹೊಸ ಊರಿಗೆ ಹೆಸರಿಡಿ ಅಂತು.

ಗಾಜಿಗೆ ಅಂಟಿಸಿದ ತನ್ನದೇ ಕೈಬರಹ ಅವಳ ಕಣ್ಣಮುಂದೆ ಬಂದು ನಿಂತಿತು. ಊರಿಗೆಲ್ಲ ಸಾರಿ ಸಾರಿ ಹೇಳಿದವಳು! ಅತ್ತೆಗೆ ಹೇಳುವ ಅಗತ್ಯ ಬೀಳಲಿಲ್ಲ. ಮುಖ ನೋಡಿ ಓದುವ ಹೆಂಗಸು.

"ಹೋಯ್ತಾ?" ಅಂದರು.

ಅವಳು ತಲೆ ಆಡಿಸಿದಳು.

"ಎಲ್ಲ?"

"ಎಲ್ಲ, ಅತ್ತೆ."

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತಾರೆ. ಸೊಸೆ ಒಡೆದದ್ದಕ್ಕೆ ಎಷ್ಟು ಬೆಲೆ ತೆರಬೇಕು ಅಂತ ಅವಳು ಕಾದಳು. ಬೈಯಲಿ, ಕೈಗೆ ಸಿಕ್ಕಿದ್ದು ಎಸೆಯಲಿ, ನಿಮ್ಮ ಮನೆಯಲ್ಲಿ ಇದನ್ನೇ ಕಲಿಸಿದ್ದಾ ಅಂತ ತವರಿನ ತನಕ ಹೋಗಲಿ. ಅತ್ತೆ ಮಾತ್ರ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತರು. ಆ ರಾತ್ರಿ ಊಟದ ಹೊತ್ತಿಗೆ ಸುದ್ದಿ ಇರಲಿಲ್ಲ. ಗಂಡ ಒಬ್ಬರ ಮುಖ ಆದಮೇಲೆ ಒಬ್ಬರ ಮುಖ ನೋಡಿ, ಇವತ್ತು ಲಿಫ್ಟು ಎರಡು ಮಹಡಿಯ ನಡುವೆ ನಿಂತಿದೆ ಅಂತ ತಿಳಿದು, ಉಪ್ಪು ಸಹ ಕೇಳದೆ ಉಂಡೆದ್ದ.

ಮಾರನೆಯ ಬೆಳಗ್ಗೆ ಕೌಂಟರಕ್ಕ ಹಾಲನ್ನು ಸಣ್ಣ ಉರಿಯಲ್ಲಿ ಒಲೆಯ ಮೇಲಿಟ್ಟು ಕಂಪನಿಗೆ ಫೋನು ಹಚ್ಚಿದಳು. ಆ ದೇಶದ ಕಚೇರಿಯವರು ಮುರುಕು ಇಂಗ್ಲಿಷಿನಲ್ಲಿ, ಊರು ನಮ್ಮ ಯಂತ್ರ ಬಿಟ್ಟು ಹೊರಟಿತಲ್ಲ, ಇನ್ನು ಅದು ನಿಮ್ಮ ದೇಶದವರಿಗೆ ಸೇರಿದ್ದು ಅಂದರು. ಇಲ್ಲಿನ ಕಚೇರಿಯವಳು, ಶುರುವಾಗಿದ್ದು ಅಲ್ಲಿ ತಾನೇ ಮೇಡಂ, ನಮಗೆ ಸಂಬಂಧವಿಲ್ಲ ಅಂದಳು. ಗಾಯದ ಮೇಲೆ ಬರೆ. ಆ ಊರಿಗೆ ತವರೂ ಇಲ್ಲ, ಗಂಡನ ಮನೆಯೂ ಇಲ್ಲ ಅಂತಾಯಿತು. ಕೌಂಟರಕ್ಕ ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟಳು.

"ಆ ಹೊಸದನ್ನ ತಾ ಇಲ್ಲಿ" ಅಂತ ಕಿಟಕಿಯ ಕಡೆಯಿಂದ ಧ್ವನಿ ಬಂತು.

ಕಣ್ಣೊರೆಸಿಕೊಂಡು ಓಡಿದಳು. ಅತ್ತೆ ಕನ್ನಡಕ ಏರಿಸಿ ಹೊಸ ಗುಬ್ಬಿಯಲ್ಲಿ ಊರು ಶುರು ಮಾಡಿದರು. ಬಯಲಿನ ಆ ಕಡೆಯಿಂದ ಅದೇ ಕರಡಿ ಬಂತು. ಅದೇ ಹೊಟ್ಟೆ, ಅದೇ ಗತ್ತು. ಅತ್ತೆಯ ಬೆನ್ನು ನೆಟ್ಟಗಾಯಿತು. ಕರಡಿ ಬಾಯಿ ಆಡಿಸಿತು, ಕೆಳಗೆ ತಮ್ಮದೇ ಭಾಷೆಯಲ್ಲಿ ಅಕ್ಷರ ಮೂಡಿತು: ಇಂದು ಹವಾಮಾನ ಚೆನ್ನಾಗಿದೆ!

ಅತ್ತೆ ಕಾದರು. ಇನ್ನೊಮ್ಮೆ ಮಾತಾಡಿಸಿದರು. ಇಂದು ಹವಾಮಾನ ಚೆನ್ನಾಗಿದೆ!

ಬಾತು ಬಂತು. ನಾನು ಹೂಗಳನ್ನು ಇಷ್ಟಪಡುತ್ತೇನೆ! ಅಂತು. ಬೆಕ್ಕಪ್ಪನಂತೂ ಕ್ಯಾರೆಟ್ ಕೊಳ್ಳುವಿರಾ ಅನ್ನುವುದು ಬಿಟ್ಟು ಬೇರೆ ತುಟಿ ಬಿಚ್ಚಲಿಲ್ಲ.

ಅತ್ತೆ ಬೆಕ್ಕಸಬೆರಗಾಗಿ ಸೊಸೆಯ ಕಡೆ ತಿರುಗಿದರು. ನಿನ್ನೆ ಊರೇ ಅಳಿಸಿಹೋದಾಗಲೂ ಆ ಮುಖ ಹೀಗೆ ಬಿಳಿಚಿಕೊಂಡಿರಲಿಲ್ಲ. "ಇವರು ಅಷ್ಟು ದಿನವೂ ಇದನ್ನೇ ಹೇಳ್ತಿದ್ರೇನೇ?"

ಅಲ್ಲ ಅಂತ ಒಂದು ಸುಳ್ಳು ಹೇಳಿಬಿಡಬೇಕು ಅಂತ ಅವಳಿಗೆ ಅನ್ನಿಸಿತು. ಹೇಗೆ ಹೇಳುವುದು? ಪರದೆಯ ಮೇಲೆ ಅಚ್ಚಾದ ಹಾಗೆ ಕೂತಿತ್ತು. ಹಾಗಾದರೆ ಆ ಕೇಸು? ಬಾವಿ? ವಿಧವೆ ಬಾತಿನ ನಾಲಿಗೆ? ಅವಳಿಗೂ ಒಮ್ಮೆಲೇ ತಲೆಗೆ ಹೊಡೆದ ಹಾಗಾಯಿತು. ಯಂತ್ರದಲ್ಲಿ ಅದರ ಒಂದು ಕಾಳೂ ಇರಲಿಲ್ಲ. ಅಷ್ಟೂ ಈ ಕುರ್ಚಿಯಲ್ಲಿ ಕೂತ ಮುದುಕಿಯದು.

"ಆಟ ಮಾಡಿದವರಿಗೆ ಇಷ್ಟೇ ಬಂದಿದ್ದು ಅತ್ತೆ" ಅಂದಳು, ಮೆಲ್ಲಗೆ. "ಬಾಕಿದ್ದೆಲ್ಲ ನಿಮ್ಮದೇ."

ಅತ್ತೆ ಹೊಸ ಗುಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಕವುಚಿಟ್ಟರು. "ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು. ಇದನ್ನ ನಿನ್ನ ಅಂಗಡಿಗೇ ಹೊತ್ತು ಹಾಕು. ನನಗೆ ಹಳೇದು ಕೊಡು."

ಅವಳು ಹಳೆಯದರ ತಂತಿಯನ್ನು ಗೋಡೆಗೆ ಸಿಕ್ಕಿಸಿ ಕೊಟ್ಟಳು. ಖಾಲಿ ಬಯಲು, ಒಂದು ಮರ. ಮರದ ಹಿಂದಿನಿಂದ ಬಾಲ ಕುಣಿಸುತ್ತ ಮೊದಲು ಬಂದದ್ದು ಅಳಿಲು. ಬಾಯಿ ಪಟಪಟ ಆಡಿಸಿತು. ಕೆಳಗೆ ಆ ದೇಶದ ಲಿಪಿ, ಎರಡು ಸಾಲು, ಕೊನೆಗೊಂದು ಪ್ರಶ್ನೆ. ಯಾರಿಗೂ ತಿಳಿಯದು.

ಅತ್ತೆ ಒಂದೆರಡು ಕ್ಷಣ ನೋಡಿದರು. ಯಾವ ಸುದ್ದಿಯನ್ನೂ ಹೇಳಲಿಲ್ಲ. ಆಮೇಲೆ ಪರದೆಯನ್ನು ಸೊಸೆಯ ಕಡೆ ಹಿಡಿದರು.

"ನೀನು ಹೇಳು. ಏನಂತಿದ್ದಾಳೆ ಇವಳು?"

ಕೌಂಟರಕ್ಕ ಪರದೆಯ ಕಡೆ ಬಗ್ಗಿದಳು. ಅಳಿಲು ಕಣ್ಣು ಮಿಟುಕಿಸುತ್ತ ಉತ್ತರಕ್ಕೆ ಕಾಯುತ್ತಿತ್ತು.

"ತಪ್ಪಾಯ್ತು ಅತ್ತೆ, ಅಂತಿದ್ದಾಳೆ" ಅಂದಳು. "ಇನ್ನೊಂದು ಸಲ ಊರಿಗೆ ಸೇರಿಸ್ಕೊಳ್ತೀರಾ, ಅಂತ ಕೇಳ್ತಿದ್ದಾಳೆ."

"ಹಾಗಂತ ಬರೆದಿದೆಯಾ?"

"ಹೂಂ. ಹಾಗೇ ಬರೆದಿದೆ."

"ಅವಸರದ ಪ್ರಾಣಿ" ಅಂತ ಗೊಣಗಿ ಅತ್ತೆ ಹೆಬ್ಬೆರಳನ್ನು ಬಲಗಡೆಯ ಗುಂಡಿಯ ಮೇಲಿಟ್ಟು ಒತ್ತಿದರು. ಅಳಿಲು ಕುಣಿದು ಮರದಡಿ ಗೂಡು ಹಾಕಿತು. ಅತ್ತೆ ಮೂಗು ಅರಳಿಸಿ ಗಾಳಿ ಮೂಸಿದರು.

"ಒಲೆ ಮೇಲೆ ಹಾಲಿಟ್ಟು ಬಂದಿದ್ದೀಯಲ್ಲೇ! ಬೇಡ, ನೀನು ಓಡಬೇಡ, ಇನ್ನೇನು ಬೀಳಿಸ್ತೀಯೋ. ಇದನ್ನ ಹಿಡ್ಕೋ. ನಾನೇ ಹೋಗ್ತೀನಿ."

ಯಂತ್ರವನ್ನು ಸೊಸೆಯ ಕೈಗಿಟ್ಟು, ಊರುಗೋಲು ಎತ್ತಿಕೊಂಡು, ಅತ್ತೆ ಅಡುಗೆಮನೆಯ ಕಡೆ ಒಂದೊಂದೇ ಹೆಜ್ಜೆ ಹಾಕಿದರು. ಕೌಂಟರಕ್ಕ ಯಾವ ಗುಂಡಿಗೂ ಒಂದು ಬೆರಳೂ ತಾಗದ ಹಾಗೆ, ಹಳೆಯ ಗುಬ್ಬಿಯನ್ನು ಎರಡು ಅಂಗೈಗಳ ಮೇಲೆ ಇಟ್ಟುಕೊಂಡು, ಉಸಿರು ಬಿಗಿಹಿಡಿದು, ಅವರು ವಾಪಸ್ಸು ಬರುವವರೆಗೂ ನಿಂತೇ ಇದ್ದಳು.